ರೋಮಿಗೆ ಹೊರಟಿರಾ? ಸಂತೋಷ, ಮಾರಾಯ್ರೆ!

ಶಿವಮೊಗ್ಗದ ರವೀಂದ್ರನಗರದಲ್ಲಿ ಮಳೆಗಾಲ ಮುಗಿಯುವ ಮೊದಲೇ ಬೇಸಿಗೆ ರಜೆಯ ಮಾತು ಶುರುವಾಗುತ್ತದೆ. ಸಂಜೆ ವಾಕಿಂಗಿಗೆ ಬಂದು ಗಣಪತಿ ದೇವಸ್ಥಾನದ ಹತ್ತಿರ ಮಾತಿಗೆ ನಿಂತವರ ಬಾಯಲ್ಲೆಲ್ಲ ಈ ಸಲ ಇಟಲಿ. ರೋಮ್, ಫ್ಲಾರೆನ್ಸ್, ಪೀಸಾ, ವೆನಿಸ್, ಹತ್ತು ಹಗಲು, ಒಂಬತ್ತು ರಾತ್ರಿ, ಅಡುಗೆಯವರು ಜೊತೆಯಲ್ಲೇ. ಚಾರಿತ್ರಿಕ ನಗರಗಳ ಪ್ರವಾಸವೆಂದ ಮೇಲೆ ಚರಿತ್ರೆ ಕಂಡವರನ್ನು ಒಂದು ಮಾತು ಕೇಳಬೇಡವೇ? ತುಂಗೆಯ ದಂಡೆಯಲ್ಲಿರುವ ಶಿವಪ್ಪ ನಾಯಕನ ಅರಮನೆಯನ್ನು ಹೋಗಿ ಕಂಡೆ. ಮಧ್ಯಾಹ್ನದ ಹೊತ್ತು, ಬೇರೆ ಗಿರಾಕಿ ಇರಲಿಲ್ಲ. ಮಾತಿಗೆ ಸಿಕ್ಕಿತು.

ನಾನು: ನಮಸ್ಕಾರ. ಮೊದಲು ನಿಮ್ಮ ಪರಿಚಯ ಹೇಳಿ.

ಅರಮನೆ: ಬೋರ್ಡಿನಲ್ಲಿದೆಯಲ್ಲ, ಶಿವಪ್ಪ ನಾಯಕನ ಅರಮನೆ ಅಂತ. ಅವನು ಕೆಳದಿಯ ಅರಸ, 1645ರಿಂದ 1660ರವರೆಗೆ ಬಿದನೂರಿನಲ್ಲಿ ಕೂತು ಆಳಿದವನು. ಆದರೆ ನನ್ನ ಮರಗೆಲಸ ನೋಡಿದ ಕೆಲವು ವಿದ್ವಾಂಸರು, ಇದು ಹೈದರಾಲಿ ಕಾಲದ್ದು ಅಂತಾರೆ. ನಾನು ಎರಡೂ ಕಡೆಯವರಿಗೆ ಕೈ ಮುಗೀತೇನೆ. ಜನನ ಪ್ರಮಾಣಪತ್ರ ಇಲ್ಲದವರು ಇನ್ನೇನು ಮಾಡೋದು? ಸದ್ಯ, ಯಾರೂ ಆಧಾರ್ ಕೇಳಿಲ್ಲ.

ನಾನು: ಈಗೇನು ಉದ್ಯೋಗ?

ಅರಮನೆ: ಸರ್ಕಾರಿ ವಸ್ತುಸಂಗ್ರಹಾಲಯ. ಅಂಗಳದಲ್ಲಿ ವೀರಗಲ್ಲು, ಮಾಸ್ತಿಕಲ್ಲು, ಮೂರ್ತಿಗಳನ್ನು ನೋಡಿದಿರಲ್ಲ? ಸುತ್ತಮುತ್ತಲ ಊರುಗಳಿಂದ ಬಂದವರು. ಊರಿಗಾಗಿ ಹೋರಾಡಿ ಪ್ರಾಣ ಬಿಟ್ಟವರು ಊರನ್ನೇ ಬಿಟ್ಟು ಇಲ್ಲಿ ಸಾಲಾಗಿ ನಿಂತಿದ್ದಾರೆ. ಇವರದೂ ಪ್ಯಾಕೇಜ್ ಟೂರೇ. ವಾಪಸ್ ಟಿಕೆಟ್ ಮಾತ್ರ ಮಾಡಿಸಿಲ್ಲ.

ನಾನು: ನಮ್ಮದು ಹಾಗಲ್ಲ. ಷೆಂಗೆನ್ ವೀಸಾಕ್ಕೆ ವಾಪಸ್ ಟಿಕೆಟ್ ತೋರಿಸಬೇಕು. ಹೋಟೆಲ್ ಬುಕಿಂಗ್, ಬ್ಯಾಂಕ್ ಸ್ಟೇಟ್‌ಮೆಂಟ್, 30,000 ಯೂರೋಗೆ ಕಡಿಮೆಯಿಲ್ಲದ ವಿಮೆ, ಬೆರಳಚ್ಚು...

ಅರಮನೆ: ವಾಪಸ್ ಬರ್ತೀವಿ ಅಂತ ನಂಬಿಸೋದಕ್ಕೆ ಇಷ್ಟು ಕಾಗದವಾ! ಔರಂಗಜೇಬನ ಸೈನ್ಯ ಬೆನ್ನಟ್ಟಿದಾಗ ಶಿವಾಜಿಯ ಮಗ ರಾಜಾರಾಮ ಓಡಿ ಬಂದದ್ದು ನಮ್ಮ ಕೆಳದಿ ರಾಣಿ ಚೆನ್ನಮ್ಮಾಜಿ ಹತ್ತಿರ. 1689ರಲ್ಲಿ ಅವಳೂ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದ್ದರೆ ಅವನ ಕಥೆ ಗಡಿಯಲ್ಲೇ ಮುಗೀತಿತ್ತು. ಅದು ಬಿಡಿ, ರೋಮಿನವರೇ ನಮ್ಮಲ್ಲಿಗೆ ಬಂದಾಗ ಇಷ್ಟೆಲ್ಲ ಕೇಳಿರಲಿಲ್ಲ.

ನಾನು: ರೋಮಿನವರು? ನಮ್ಮ ಕಡೆಗೆ?

ಅರಮನೆ: ಹೌದು ಮಾರಾಯ್ರೆ, 1623ರಲ್ಲಿ. ಪಿಯೆತ್ರೊ ದೆಲ್ಲಾ ವಾಲ್ಲೆ ಅಂತ, ರೋಮಿನ ದೊಡ್ಡ ಮನೆತನದವನು. ಮೆಣಸಿನ ವ್ಯಾಪಾರಕ್ಕಲ್ಲ, ಮತಪ್ರಚಾರಕ್ಕಲ್ಲ, ನೋಡೋದಕ್ಕೇ ಬಂದವನು. ಗೋವೆಯ ಪೋರ್ಚುಗೀಸರ ರಾಯಭಾರಿ ಇಕ್ಕೇರಿಯ ಅರಸ ವೆಂಕಟಪ್ಪ ನಾಯಕನನ್ನು ಕಾಣಲು ಹೊರಟಾಗ ಇವನೂ ಜೊತೆ ಸೇರಿಕೊಂಡ. ಹೊನ್ನಾವರದಲ್ಲಿ ಇಳಿದು ದಿನಗಟ್ಟಲೆ ಕಾದ. ಗೇರುಸೊಪ್ಪೆವರೆಗೆ ದೋಣಿ, ಆಮೇಲೆ ಘಟ್ಟ ಹತ್ತಿ ಸಾಗರ, ಇಕ್ಕೇರಿ. ಕಂಡದ್ದನ್ನೆಲ್ಲ ನೇಪಲ್ಸಿನ ಗೆಳೆಯನಿಗೆ ಕಾಗದ ಬರೆದ.

ನಾನು: ಇಕ್ಕೇರಿ ಬಗ್ಗೆ ಒಳ್ಳೇ ರಿವ್ಯೂ ಕೊಟ್ಟನಾ?

ಅರಮನೆ: ಮೂರು ಸುತ್ತಿನ ಊರು, ಹೊರಗಿನ ಎರಡಕ್ಕೆ ಗೋಡೆಯಿಲ್ಲ, ಒತ್ತಾಗಿ ಬೆಳೆಸಿದ ಬಿದಿರೇ ಕೋಟೆ ಅಂದ. ಮನೆಗಳು ಅಲ್ಲೊಂದು ಇಲ್ಲೊಂದು, ಕಟ್ಟೋಣವೂ ಅಷ್ಟಕ್ಕಷ್ಟೆ ಅಂದ. ಈಗಿನವರಾದರೆ ಅಷ್ಟಕ್ಕೇ ಎರಡು ಸ್ಟಾರ್ ಒತ್ತಿ ಬಸ್ ಹತ್ತುತ್ತಿದ್ದರು. ಅವನು ಇನ್ನಷ್ಟು ಅಡ್ಡಾಡಿದ. ಉದ್ದನೆಯ ಬೀದಿ, ನೆರಳಿನ ಮರ, ಕೆರೆ, ಗದ್ದೆ, ತೋಪು ಎಲ್ಲ ಒಂದರೊಳಗೊಂದು ಬೆರೆತ ಈ ಊರು ನೋಡೋದಕ್ಕೆ ಬಲು ಚಂದ ಅಂತಲೂ ಬರೆದ.

ನಾನು: ನಮ್ಮ ಪಟ್ಟಿಯಲ್ಲೂ ನೋಡುವಂಥದ್ದು ಬೇಕಾದಷ್ಟಿದೆ.

ಅರಮನೆ: ಪಟ್ಟಿಯಲ್ಲಿ ಇಲ್ಲದ್ದನ್ನು ಹೇಳ್ತೇನೆ ಕೇಳಿ. ಘಟ್ಟದ ಹಾದಿಯ ಒಂದು ಗುಡಿ ಜಗಲಿಯಲ್ಲಿ ಹುಡುಗರು ಮರಳು ಹರಡಿ, ರಾಗವಾಗಿ ಹೇಳಿಕೊಳ್ಳುತ್ತ ಬೆರಳಲ್ಲಿ ಲೆಕ್ಕ ಬರೀತಿದ್ದರು. ಇವನು ನಿಂತ. ಮರೆತುಹೋದರೆ ಹೇಳಿಕೊಡೋರು ಯಾರು ಅಂತ ಕೇಳಿದ. ಎಲ್ಲರೂ ಒಟ್ಟಿಗೆ ಮರೆಯೋದಿಲ್ಲವಲ್ಲ, ಮಾಸ್ತರು ಯಾಕೆ ಅಂದರಂತೆ ಹುಡುಗರು. ಮಗ್ಗಿ ಹೇಳೋ ಮಕ್ಕಳ ಎದುರು ನಿಲ್ಲೋಕೆ ನಿಮ್ಮ ಹತ್ತು ಹಗಲಿನಲ್ಲಿ ಎಷ್ಟು ನಿಮಿಷ ಇಟ್ಟಿದ್ದಾರೆ?

ನಾನು: ಫ್ಲಾರೆನ್ಸಿನಲ್ಲಿ ಅರ್ಧ ಗಂಟೆ ‘ಫ್ರೀ ಟೈಮ್’ ಇದೆ.

ಅರಮನೆ: ಅದರಲ್ಲಿ ಶಾಪಿಂಗ್ ಇರ್ತದೆ.

ನಾನು: ಶೌಚಾಲಯದ ಕ್ಯೂ ಕೂಡ ಅದರಲ್ಲೇ. ಬಹಳ ಉದ್ದ ಇರ್ತದಂತೆ.

ಅರಮನೆ: ವೆನಿಸಿನವರು ನಿಮ್ಮಂಥವರಿಗೆ ಹೆದರಿ, ಬೆಳಿಗ್ಗೆ ಬಂದು ಸಂಜೆ ಹೋಗೋರಿಗೆ 2024ರಿಂದ ಕೆಲವು ದಿನ ಪ್ರವೇಶ ಶುಲ್ಕ ಇಟ್ಟಿದ್ದಾರೆ. ನನಗೋ, ಶಾಲೆ ಮಕ್ಕಳ ಬಸ್ ಬಂದ ದಿನವೇ ಹಬ್ಬ.

ನಾನು: ಪೀಸಾ ಗೋಪುರದ ಬಗ್ಗೆ ಏನಂತೀರಿ?

ಅರಮನೆ: ಅದೃಷ್ಟ! 1173ರಲ್ಲಿ ಕಟ್ಟೋಕೆ ಶುರುಮಾಡಿದರು, ವಾಲಿದ್ದಕ್ಕೇ ಹೆಸರಾಯ್ತು. ನನ್ನ ಕಂಬ ಒಂದು ಇಂಚು ವಾಲಲಿ, ಬೀಗ ಜಡಿದು ‘ದುರಸ್ತಿಯಲ್ಲಿದೆ’ ಅಂತ ಚೀಟಿ ಅಂಟಿಸ್ತಾರೆ.

ನಾನು: ಒಟ್ಟಿನಲ್ಲಿ, ಇಟಲಿ ಬಿಡಿ, ಇಕ್ಕೇರಿ ನೋಡಿ ಅಂತೀರಿ.

ಅರಮನೆ: ಖಂಡಿತ ಅನ್ನಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಭಾಷಣ ಪ್ರತಿ ರಾಜ್ಯೋತ್ಸವಕ್ಕೂ ಕೇಳಿ ಸಾಕಾಗಿದೆ. ಇಕ್ಕೇರಿಗೆ ಹೋದರೂ ನೀವು ಮಾಡೋದು ಅದೇ. ಜೋಗಕ್ಕೆ ಹೋಗ್ತಾ ಅಘೋರೇಶ್ವರನಿಗೆ ಕಾಲು ಗಂಟೆ, ನಂದಿ ಪಕ್ಕ ಒಂದು ಫೋಟೊ, ‘ಬೇಗ ಹತ್ತಿ, ಊಟ ತಣ್ಣಗಾಗ್ತದೆ.’ ದೂರದ್ದೋ ಹತ್ತಿರದ್ದೋ, ನೀವು ನೋಡೋದು ಪಟ್ಟಿ. ಟಿಕ್ ಹಾಕೋಕೆ ಒಂದು ಊರು ಬೇಕು, ಅಷ್ಟೆ.

ನಾನು: ಈ ಕಡೆಯ ರಾಜಧಾನಿಗಳದ್ದೇ ಒಂದು ಪ್ಯಾಕೇಜ್ ಮಾಡಿದರೆ ಹೇಗೆ?

ಅರಮನೆ: ನಡೆಸೋರಿಗೆ ತಲೆನೋವು. ನಮ್ಮವರ ರಾಜಧಾನಿ ಒಂದು ಕಡೆ ಕೂರಲಿಲ್ಲ. 1499ರಲ್ಲಿ ಕೆಳದಿ, ಆಮೇಲೆ ಇಕ್ಕೇರಿ, ಬಿಜಾಪುರದ ಸೈನ್ಯ ಕೊಳ್ಳೆ ಹೊಡೆದ ಮೇಲೆ ಬಿದನೂರು. 1763ರಲ್ಲಿ ಹೈದರಾಲಿ ಅದನ್ನು ಹಿಡಿದ. ಈಗ ಅದಕ್ಕೆ ‘ನಗರ’ ಅಂತಾರೆ. ಗೈಡು ಏನು ತೋರಿಸಬೇಕು? ಇಲ್ಲಿ ದರ್ಬಾರು ಇತ್ತು, ಅಲ್ಲಿ ಪೇಟೆ ಇತ್ತು ಅಂತ ಬರೀ ‘ಇತ್ತು’ಗಳು. ಹೋದದ್ದನ್ನು ಕಾಣಬೇಕಾದರೆ ಸುಮ್ಮನೆ ಒಂದು ಹೊತ್ತು ಕೂರಬೇಕು. ಕೂರೋದಕ್ಕೆ ಯಾರು ದುಡ್ಡು ಕೊಡ್ತಾರೆ?

ನಾನು: ಕೊನೆಯದಾಗಿ, ಲಗೇಜಿನ ಬಗ್ಗೆ ಸಲಹೆ? ಚಟ್ನಿಪುಡಿ, ಅವಲಕ್ಕಿ, ಉಪ್ಪಿನಕಾಯಿ ಅಂತ ತೂಕ ಮೀರುತ್ತಿದೆ.

ಅರಮನೆ: ದೆಲ್ಲಾ ವಾಲ್ಲೆಯ ಲಗೇಜು ಕೇಳಿದರೆ ನೀವು ಉಪ್ಪಿನಕಾಯಿ ಮಾತೇ ಎತ್ತಲ್ಲ. ಅವನ ಹೆಂಡತಿ, ಬಾಗ್ದಾದಿನಲ್ಲಿ ಮದುವೆಯಾದ ಮಾನಿ, 1621ರಲ್ಲಿ ಪರ್ಷಿಯಾದಲ್ಲಿ ತೀರಿಕೊಂಡಳು. ಪರದೇಶದಲ್ಲಿ ಬಿಟ್ಟುಹೋಗಲು ಮನಸ್ಸು ಬರಲಿಲ್ಲ. ಶವಕ್ಕೆ ಮದ್ದು ಹಚ್ಚಿಸಿ, ಪೆಟ್ಟಿಗೆಯಲ್ಲಿಟ್ಟು ಭಾರತಕ್ಕೂ ತಂದ, ರೋಮಿಗೂ ಒಯ್ದ. ಅಲ್ಲಿ ಅರಾಚೇಲಿ ಅಂತ ಚರ್ಚಿದೆ, ಗುಡ್ಡದ ಮೇಲೆ, 124 ಮೆಟ್ಟಿಲು. ಅವಳೂ ಅಲ್ಲೇ, 1652ರಲ್ಲಿ ತೀರಿಕೊಂಡ ಅವನೂ ಅಲ್ಲೇ. ನೀವು ಹೇಗೂ ಹೋಗ್ತಿದ್ದೀರಿ, ಒಂದು ಸುದ್ದಿ ಮುಟ್ಟಿಸ್ತೀರಾ?

ನಾನು: ಏನಂತ?

ಅರಮನೆ: ಇಕ್ಕೇರಿಯ ಬಿದಿರು ಕೋಟೆ ಹೋಯ್ತು, ಗುಡಿ ಗಟ್ಟಿಯಾಗಿದೆ, ಹುಡುಗರು ಈಗ ಲೆಕ್ಕ ಕಲಿಯೋಕೆ ಟ್ಯೂಷನ್ನಿಗೆ ಹೋಗ್ತಾರೆ ಅಂತ.

ನಾನು: ಆ ಚರ್ಚು ನಮ್ಮ ಪ್ಯಾಕೇಜಿನಲ್ಲಿ ಇಲ್ಲವಲ್ಲ. ಟೂರ್ ಮ್ಯಾನೇಜರ್ ಬಿಡಲ್ಲ.

ಅರಮನೆ: ಶೌಚಾಲಯಕ್ಕೆ ಅಂತ ಹೇಳಿ ಹೋಗಿ, ಮಾರಾಯ್ರೆ. ಕ್ಯೂ ಬಹಳ ಉದ್ದ ಇರ್ತದೆ ಅಂತ ನೀವೇ ಹೇಳಿದಿರಲ್ಲ!