ಇಂಟರ್‌ಕೂಲರಾಭಾವ ಮೀಮಾಂಸೆ

ನಮ್ಮ ತಾರ್ಕಿಕರು ಪದಾರ್ಥಗಳನ್ನು ಎಣಿಸುತ್ತ ಹೋಗಿ ಏಳನೆಯದಾಗಿ ಅಭಾವವನ್ನು ಸೇರಿಸಿದಾಗ ಅವರ ಕಣ್ಣ ಮುಂದಿದ್ದದ್ದು, ಅಥವಾ ಇಲ್ಲದಿದ್ದದ್ದು, ನೆಲದ ಮೇಲಿನ ಗಡಿಗೆ. ಗಡಿಗೆಯ ಕಾಲ ಮುಗಿಯಿತು. ಅಭಾವವನ್ನು ಅಭ್ಯಾಸ ಮಾಡಲು ಈಗ ಟರ್ಬೊ ಇದ್ದು, ಅದು ಹಿಂಡಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇಲ್ಲದ ಕಾರಿಗಿಂತ ಯೋಗ್ಯವಾದ ಸ್ಥಳ ಬೇರೊಂದಿಲ್ಲ. ಬಾನೆಟ್ ಎತ್ತಿದರೆ ಅಲ್ಲಿ ಏನೂ ಕಾಣುವುದಿಲ್ಲ, ಆದರೆ ಆ ಏನೂ ಇಲ್ಲದಿರುವಿಕೆ ಕೈ ಸುಡುತ್ತದೆ. ಈ ಪ್ರಬಂಧದ ಪ್ರತಿಜ್ಞೆ ಇಷ್ಟೆ: ಇಂಟರ್‌ಕೂಲರ್ ಇಲ್ಲದ ಟರ್ಬೊ ಇಂಜಿನ್ ಎಂಬುದು ಲೋಕದಲ್ಲಿ ಇಲ್ಲ. ಅದು ಮುಂದಿನ ಜಾಲರಿಯ ಹಿಂದೆ ಕೂರದಿದ್ದರೆ ಪಿಸ್ಟನ್ನಿನ ತಲೆಯಲ್ಲೋ, ಪೆಟ್ರೋಲ್ ಟ್ಯಾಂಕಿನಲ್ಲೋ, ನೀರಿನ ಬಾಟಲಿಯಲ್ಲೋ ವೇಷ ಮರೆಸಿಕೊಂಡು ಕೂತಿರುತ್ತದೆ.

ಹೇತುವನ್ನು ಸೈಕಲ್ ಪಂಪೇ ಒದಗಿಸುತ್ತದೆ. ಟೈರಿಗೆ ಗಾಳಿ ಹೊಡೆದು ಮುಗಿಸಿ ಪಂಪಿನ ಬುಡ ಮುಟ್ಟಿದರೆ ಬಿಸಿ ತಾಗುತ್ತದೆ; ಹಿಂಡಿದ ಗಾಳಿ ಕಾಯದೆ ಬಿಡುವುದಿಲ್ಲ. ಟರ್ಬೊ ಎಂದರೆ ನಿಮಿಷಕ್ಕೆ ಲಕ್ಷ ಸುತ್ತು ಹಾಕಬಲ್ಲ ಪಂಪು, ಅದನ್ನು ಒತ್ತುವ ಆಳು ಇಂಜಿನ್ನಿನ ಹೊಗೆ. 30 ಡಿಗ್ರಿ ಸೆಲ್ಸಿಯಸ್‌ನ ಗಾಳಿಯನ್ನು ಅದು ವಾತಾವರಣದ ಒತ್ತಡದ 1.7 ಪಟ್ಟಿಗೆ ಹಿಂಡಿತೆನ್ನಿ. ನಷ್ಟವೇ ಇಲ್ಲದ ಆದರ್ಶ ಯಂತ್ರದಲ್ಲೂ ಗಾಳಿ 80 ಡಿಗ್ರಿಗೆ ಏರುತ್ತದೆ. ಕಂಪ್ರೆಸರಿನ ದಕ್ಷತೆ ಶೇ. 65 ಎಂದು ಹಿಡಿದರೆ 106ರ ಆಸುಪಾಸು. ಸಾರು ಕುದಿಯಲು ಧಾರಾಳವಾಯಿತು. ಬೂಸ್ಟ್ ಗೇಜು ಮಾತ್ರ ಇದೊಂದನ್ನೂ ಹೇಳದೆ, ಒತ್ತಡ ಶೇ. 70 ಹೆಚ್ಚಿತು ಎಂದು ಮುಳ್ಳು ಕುಣಿಸುತ್ತದೆ. ಬಿಸಿಗೆ ಹಿಗ್ಗಿದ ಆ ಗಾಳಿಯ ತೂಕ ಹೆಚ್ಚಿರುವುದು ಶೇ. 36 ಅಷ್ಟೆ. ಸೇರು ಅಕ್ಕಿ ಕೊಡುತ್ತೇನೆಂದವನು ಸೇರು ಮಂಡಕ್ಕಿ ಅಳೆದುಕೊಟ್ಟ ಹಾಗೆ, ಅಳತೆಯಲ್ಲಿ ಸುಳ್ಳಿಲ್ಲ.

ಅಭಾವದ ನಾಲ್ಕು ಬಗೆಗಳಲ್ಲಿ ಪ್ರಾಗಭಾವಕ್ಕೆ, ಅಂದರೆ ಹುಟ್ಟುವ ಮುಂಚಿನ ಇಲ್ಲದಿರುವಿಕೆಗೆ, ಪೋರ್ಷೆ 930 ಅಚ್ಚುಕಟ್ಟಾದ ದೃಷ್ಟಾಂತ. 1975ರಲ್ಲಿ 3 ಲೀಟರ್ ಇಂಜಿನ್, 260 ಅಶ್ವಶಕ್ತಿ, ಇಂಟರ್‌ಕೂಲರ್ ಇಲ್ಲ. 1978ರ ಮಾದರಿಗೆ 3.3 ಲೀಟರ್, 300 ಅಶ್ವಶಕ್ತಿ, ಇಂಟರ್‌ಕೂಲರ್ ಉಂಟು. ಅದಕ್ಕೆ ಜಾಗ ಮಾಡಲು ಹಿಂದಿನ ರೆಕ್ಕೆಯನ್ನೇ ಬದಲಿಸಬೇಕಾಯಿತು, ರಸಿಕರು ಅದನ್ನು ಚಹಾ ತಟ್ಟೆ ಎಂದರು. ಅತ್ಯಂತಾಭಾವಕ್ಕೆ, ಮೂರು ಕಾಲದಲ್ಲೂ ಇಲ್ಲದ್ದಕ್ಕೆ, 1973ರ ಬಿಎಂಡಬ್ಲ್ಯು 2002 ಟರ್ಬೊ. ಇಂಟರ್‌ಕೂಲರು ರೇಡಿಯೇಟರಲ್ಲ, ರೇಡಿಯೇಟರು ಇಂಟರ್‌ಕೂಲರಲ್ಲ ಎಂಬ ಅನ್ಯೋನ್ಯಾಭಾವ ಎಲ್ಲ ಮೆಕ್ಯಾನಿಕ್ಕಿಗೂ ಗೊತ್ತು, ಬಿಡೋಣ. ಇದ್ದದ್ದು ನಾಶವಾಗುವ ಪ್ರಧ್ವಂಸಾಭಾವಕ್ಕೆ ಸ್ವಲ್ಪ ಕಾಯಬೇಕು.

ಈಗ ಪ್ರತಿಜ್ಞೆಯ ಸಾಧನೆ. ಬಿಸಿ ಗಾಳಿಯ ನಿಜವಾದ ಅಪರಾಧ ಬಲ ಕಡಿಮೆಯಾಗುವುದಲ್ಲ, ನಾಕಿಂಗ್. ಪ್ಲಗ್ಗಿನ ಕಿಡಿಯಿಂದ ಹೊರಟ ಬೆಂಕಿ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನೇ ಹೊತ್ತಿಕೊಂಡು ಪಿಸ್ಟನ್ನಿಗೆ ಸುತ್ತಿಗೆ ಏಟು ಕೊಡುತ್ತದೆ. ಇದನ್ನು ತಪ್ಪಿಸಲು ಬಿಎಂಡಬ್ಲ್ಯು ಕಂಡುಕೊಂಡ ದಾರಿ ಉಪವಾಸ. ಟರ್ಬೊ ಇಲ್ಲದ 2002 ಟಿಐಐ ಕಾರಿನ ಕಂಪ್ರೆಷನ್ ಅನುಪಾತ, ಅಂದರೆ ಪಿಸ್ಟನ್ನು ಮಿಶ್ರಣವನ್ನು ಹಿಂಡುವ ಪಟ್ಟು, 9.5 ಇದ್ದದ್ದನ್ನು 6.9ಕ್ಕೆ ಇಳಿಸಿದರು. ಗಾಳಿಯನ್ನು ಹೊರಗೆ ತಣಿಸಲಿಲ್ಲ, ಒಳಗೆ ಕಡಿಮೆ ಹಿಂಡಿದರು. ಫಲವಾಗಿ 170 ಅಶ್ವಶಕ್ತಿ ಬಂತು, ಜೊತೆಗೆ ಟರ್ಬೊ ಎಚ್ಚರಗೊಳ್ಳುವ ತನಕ ಇಂಜಿನ್ನಿಗೆ ಊಟವಾದ ಮೇಲಿನ ಜೋಂಪು ಬಂತು. (ಮುಂದಿನ ಕಾರಿನವನು ಕನ್ನಡಿಯಲ್ಲಿ ಓದಲೆಂದು ಟರ್ಬೊ ಎಂದು ತಲೆಕೆಳಗಾಗಿ ಅಲ್ಲ, ಎಡಬಲ ತಿರುಗಿಸಿ ಮೂತಿಯ ಮೇಲೆ ಬರೆದಿದ್ದರು, ಓದಿ ಪಕ್ಕಕ್ಕೆ ಸರಿಯಲು ಅವನಿಗೆ ಸಾಕಷ್ಟು ಸಮಯ ಸಿಗುತ್ತಿತ್ತು.) ಎರಡನೆಯ ದಾರಿ ದಾನ: ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುವುದು. ಹೆಚ್ಚಿನ ಪೆಟ್ರೋಲ್ ಉರಿಯುವುದಿಲ್ಲ, ಆವಿಯಾಗಿ ಶಾಖ ಹೀರಿಕೊಂಡು ಹೊರಟುಹೋಗುತ್ತದೆ. ಹೀಗೆ ಇಂಟರ್‌ಕೂಲರ್ ಕೊಳ್ಳದೆ ಉಳಿಸಿದ ಹಣ ಬಂಕಿನಲ್ಲಿ ಲೀಟರ್ ಲೆಕ್ಕದಲ್ಲಿ ಸಂದಾಯವಾಗುತ್ತದೆ.

ಪೂರ್ವಪಕ್ಷಿ ಇಲ್ಲಿ ಎದ್ದು ನಿಲ್ಲುತ್ತಾನೆ: ಬೀದಿಯಲ್ಲಿ ಓಡುವ ಕಾರಿನಲ್ಲಿ ಪೂರ್ತಿ ಬೂಸ್ಟ್ ಬರುವುದು ಕೆಲವೇ ಸೆಕೆಂಡು, ಅಷ್ಟರೊಳಗೆ ಏನು ಕೆಟ್ಟೀತು? ಬೂಸ್ಟ್ ತೀರ ಕಡಿಮೆಯಿದ್ದರೆ ಅವನ ಮಾತು ಒಪ್ಪತಕ್ಕದ್ದು, 1.3 ಪಟ್ಟಿಗೆ ಹಿಂಡಿದ ಗಾಳಿ 66 ಡಿಗ್ರಿಯಲ್ಲಿ ನಿಲ್ಲುತ್ತದೆ, ಸಾಧು ಇಂಜಿನ್ ಸಹಿಸಿಕೊಳ್ಳುತ್ತದೆ. ಆದರೆ ಬೂಸ್ಟ್ ತಿರುಪನ್ನು ಒಮ್ಮೆ ಮುಟ್ಟಿದ ಕೈ ಅಲ್ಲಿಗೇ ನಿಂತ ದೃಷ್ಟಾಂತ ಶಾಸ್ತ್ರದಲ್ಲೂ ಇಲ್ಲ, ಗ್ಯಾರೇಜಿನಲ್ಲೂ ಇಲ್ಲ. ಇನ್ನೊಬ್ಬ ವಾದಿ ಕೇಳುತ್ತಾನೆ: ಡೀಸೆಲ್ ಲಾರಿಗಳು ಇಂಟರ್‌ಕೂಲರಿಲ್ಲದೆ ವರ್ಷಗಟ್ಟಲೆ ದುಡಿದಿಲ್ಲವೆ? ದುಡಿದಿವೆ. ಡೀಸೆಲ್ ಹೊತ್ತಿಕೊಳ್ಳುವುದೇ ಬಿಸಿ ಗಾಳಿಯಿಂದ. ಬಿಸಿಯ ಮೇಲೆ ದೂರು ಕೊಡುವ ಅಧಿಕಾರ ಅದಕ್ಕಿಲ್ಲ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸಿದ ತಾರ್ಕಿಕನಾದರೂ ಏರಿನಲ್ಲಿ ಆ ಲಾರಿ ಬಿಡುವ ಕಪ್ಪು ಹೊಗೆ ಕಂಡು ಗಾಳಿಯ ಕೊರತೆಯನ್ನು ಊಹಿಸಬಲ್ಲ. ಮೂರನೆಯವನು ಬ್ಯೂಯಿಕ್ ಭಕ್ತ. ಅವನ 1984 ಮತ್ತು 85ರ ಗ್ರ್ಯಾಂಡ್ ನ್ಯಾಷನಲ್‌ಗೆ ಇಂಟರ್‌ಕೂಲರ್ ಇರಲಿಲ್ಲ, ಅಮೆರಿಕದಲ್ಲಿ ಇಂದಿಗೂ ಅವಕ್ಕೆ 'ಹಾಟ್ ಏರ್' ಎಂದೇ ಹೆಸರು, 200 ಅಶ್ವಶಕ್ತಿ ಬರುತ್ತಿತ್ತಲ್ಲ? ಬರುತ್ತಿತ್ತು. 1986ರಲ್ಲಿ ಇಂಟರ್‌ಕೂಲರ್ ಕೂರಿಸಿದರು, 235 ಬಂತು. ಭಕ್ತಿಗೆ ಇದರಿಂದ ಧಕ್ಕೆಯಿಲ್ಲ.

ಕಾಯ್ದಿಟ್ಟ ಪ್ರಧ್ವಂಸಾಭಾವಕ್ಕೆ 1962ರ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಇದೆ. ಟರ್ಬೊ ಬೂಸ್ಟ್ 5 ಪಿಎಸ್‌ಐ ಮಾತ್ರ, ಆದರೆ ಕಂಪ್ರೆಷನ್ 10.25, ಬಿಎಂಡಬ್ಲ್ಯುವಿನ ಉಪವಾಸ ಇವರಿಗೆ ಒಪ್ಪಿಗೆಯಾಗಲಿಲ್ಲ. ಬದಲಿಗೆ ಬಟ್ಟಿ ಇಳಿಸಿದ ನೀರು ಮತ್ತು ಮೆಥನಾಲ್ ಸಮಸಮ ಬೆರೆಸಿ, ಟರ್ಬೊ ರಾಕೆಟ್ ಫ್ಲೂಯಿಡ್ ಎಂಬ ಗಂಭೀರ ಹೆಸರಿಟ್ಟು, ಬಾಟಲಿಯಿಂದ ಇಂಜಿನ್ನಿಗೆ ಚಿಮುಕಿಸಿದರು. ಇಂಟರ್‌ಕೂಲರ್ ದ್ರವರೂಪ ತಾಳಿದ್ದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಡ. 215 ಘನ ಅಂಗುಲದ ಇಂಜಿನ್ನಿನಿಂದ ಸರಿಯಾಗಿ 215 ಅಶ್ವಶಕ್ತಿ ಬಂತು. ಬಾಟಲಿ ತುಂಬಿಸುವ ಕೆಲಸ ಮಾಲೀಕನಿಗೆ ಬಿಟ್ಟಿದ್ದರು, ಅನೇಕರು ಮರೆತರು. ಕೊನೆಗೆ 1965ರಲ್ಲಿ ಕಂಪನಿಯೇ ಟರ್ಬೊವನ್ನು ಬಿಚ್ಚಿ ಅದರ ಜಾಗಕ್ಕೆ ಸಾಮಾನ್ಯ ಕಾರ್ಬುರೇಟರ್ ಹಾಕಿಕೊಡಲು ಮುಂದಾಯಿತು.