ಕ್ಲಾಸೆಟ್ಟಿನ ಯಜಮಾನರು

ನ್ಯೂಜೆರ್ಸಿಯ ಕನ್ನಡಿಗರ ಮನೆಗೆ ಊರಿನಿಂದ ಯಾರಾದರೂ ಬಂದರೆ ಮನೆಯನ್ನೆಲ್ಲ ಸುತ್ತಿಸಿ ತೋರಿಸುವ ಪದ್ಧತಿಯುಂಟು. ಬೇಸ್‌ಮೆಂಟು, ಡೆಕ್ಕು, ತೊಳೆದ ಪಾತ್ರೆ ಬೋರಲು ಹಾಕುವುದಕ್ಕೆ ಮಾತ್ರ ಬಳಸುವ ಡಿಶ್‌ವಾಷರು, ಬಟ್ಟೆ ಇಡುವ ಜಾಗದಲ್ಲಿ ಮಾಡಿದ ದೇವರಮನೆ. ತೋರಿಸದೆ ಬಿಡುವುದು ಒಂದನ್ನೇ. ಮುಂಬಾಗಿಲ ಪಕ್ಕದ ಕ್ಲಾಸೆಟ್ಟಿನಲ್ಲಿ, ಚಳಿಗಾಲದ ಕೋಟುಗಳ ಹಿಂದೆ ನಿಂತಿರುವ ವ್ಯಾಕ್ಯೂಮ್ ಕ್ಲೀನರನ್ನು. ಮನೆಯ ಮಾನವೆಲ್ಲ ಅದರ ಹೊಟ್ಟೆಯಲ್ಲಿರುತ್ತದೆ.

ಇದು ಕೆಲಸದವರು ಸಿಗದ ದೇಶ, ಅದಕ್ಕೇ ಮಿಷನ್ನು ಎಂದು ಊರಿನವರಿಗೆ ಹೇಳುತ್ತೇವೆ. ನಿಜಸ್ಥಿತಿ ತಿರುಗುಮುರುಗು. ಮೈಸೂರಿನ ನಮ್ಮತ್ತೆ ಮನೆಗೆ ಬರುವ ಕೆಲಸದಾಕೆ ತನ್ನ ತಲೆಯನ್ನು ತಾನೇ ಬಾಚಿಕೊಂಡು ಬರುತ್ತಾಳೆ. ನಮ್ಮ ಮಿಷನ್ನಿನ ತಲೆಯನ್ನು ನಾವೇ ಬಾಚಬೇಕು.

ಇದು ಉತ್ಪ್ರೇಕ್ಷೆಯಲ್ಲ. ಅದರ ಅಡಿಯಲ್ಲಿ ಬ್ರಷ್ ರೋಲು ಎಂಬುದೊಂದಿದೆ. ಗಿರಗಿರ ಸುತ್ತುತ್ತ ಕಾರ್ಪೆಟ್ಟನ್ನು ಬಡಿದು ದೂಳೆಬ್ಬಿಸುವುದು ಅದರ ಉದ್ಯೋಗ. ಅದನ್ನು ಮಾಡಿದವರು ಕೊಬ್ಬರಿ ಎಣ್ಣೆ ಕುಡಿದ, ಸೊಂಟ ಮುಟ್ಟುವ ಕೂದಲನ್ನು ಕಂಡಂತಿಲ್ಲ. ನಾನು, ಮಗಳು, ಬೇಸಿಗೆಗೆ ಬಂದ ಅತ್ತೆ ಮೂವರೂ ತಲೆ ಬಾಚಿಕೊಳ್ಳುವ ಮನೆಯಲ್ಲಿ ಆ ರೋಲು ಬಹುಬೇಗ ಚೌರಿ ಕಟ್ಟಿಕೊಂಡು ಮದುವೆಗೆ ಹೊರಟವಳಂತೆ ಕಾಣುತ್ತದೆ. ಕೂದಲು ನಡುವಿನಲ್ಲೇ ಇದ್ದರೆ ಅಷ್ಟು ಚಿಂತೆಯಿಲ್ಲ. ಎರಡು ತುದಿಯ ಬೇರಿಂಗಿಗೆ ಹೊಕ್ಕರೆ ರೋಲು ಬಿಗಿಯುತ್ತದೆ, ರೋಲು ಬಿಗಿದರೆ ಬೆಲ್ಟು ಜಾರುತ್ತದೆ, ಬೆಲ್ಟು ಜಾರಿದರೆ ಸುಟ್ಟ ರಬ್ಬರಿನ ವಾಸನೆ ಮಹಡಿಯವರೆಗೂ ಏರುತ್ತದೆ. ಆಗ ನಮ್ಮವರು ಅದನ್ನು ಗರಾಜಿಗೆ ಹೊತ್ತೊಯ್ದು, "ಪ್ಲಗ್ ಕಿತ್ತಿದೀಯಾ?" ಎಂದು ಮತ್ತೆ ಮತ್ತೆ ಕೇಳಿ, ಅಂಗಡಿಯ ಜಾಹೀರಾತಿನ ಹಾಳೆಗಳ ಮೇಲೆ ಅಂಗಾತ ಮಲಗಿಸುತ್ತಾರೆ. ರವಿಕೆಯ ಹೊಲಿಗೆ ಬಿಚ್ಚಲೆಂದು ನಾನಿಟ್ಟುಕೊಂಡಿದ್ದ ಸೀಮ್ ರಿಪ್ಪರು ಈಗ ಗರಾಜಿನ ಸ್ವತ್ತು. ಕೂದಲನ್ನು ಉದ್ದುದ್ದಕ್ಕೆ ಸೀಳಿ ತೆಗೆಯಲು ಅದರಂಥದ್ದು ಇನ್ನೊಂದಿಲ್ಲವಂತೆ. ರವಿಕೆಗೆ ನಾನೀಗ ಬ್ಲೇಡು ಬಳಸುತ್ತೇನೆ.

ನಮ್ಮವರು ಎಂಜಿನಿಯರು. ಬಿಚ್ಚುವಾಗ ಬಾಯಿ ಸುಮ್ಮನಿರುವುದಿಲ್ಲ. ಗರಾಜಿನಲ್ಲಿ ಕುರ್ಚಿ ಹಾಕಿಕೊಂಡು ಸೊಪ್ಪು ಸೋಸುತ್ತಿದ್ದ ಅತ್ತೆಗೆ ಒಂದು ಶನಿವಾರ ಪೂರ್ತಿ ಚರಿತ್ರೆಯೇ ಆಯಿತು. 1901ರಲ್ಲಿ ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರು ದೂಳನ್ನು ಊದುವುದಕ್ಕಿಂತ ಹೀರುವುದೇ ಸರಿ ಎಂದು ಹೊರಟದ್ದು, ಹೋಟೆಲಿನ ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರ ಹಾಕಿ ಬಾಯಿಂದಲೇ ಎಳೆದು ನೋಡಿದ್ದು, ಕೆಮ್ಮಿ ಕೆಮ್ಮಿ ಸುಸ್ತಾದದ್ದು, ಆದರೆ ಕರವಸ್ತ್ರದ ಕೆಳಮೈ ಕಪ್ಪಾಗಿದ್ದು ಕಂಡು ಹಿಗ್ಗಿದ್ದು.

"ಅಯ್ಯೋ ರಾಮ! ಹೋಟ್ಲಲ್ಲಿ ಕಂಡೋರು ಕೂತೆದ್ದ ಮೆತ್ತೆಗೆ ಬಾಯಿ ಹಾಕಿದ್ನೇ?" ಎಂದರು ಅತ್ತೆ. "ಅವರಮ್ಮ ಏನೂ ಅನ್ಲಿಲ್ವಾ?"

ಆತನ ಮಿಷನ್ನು ಎಷ್ಟು ದೊಡ್ಡದೆಂದರೆ ಕುದುರೆ ಗಾಡಿಯಲ್ಲಿ ತಂದು ಬೀದಿಯಲ್ಲಿ ನಿಲ್ಲಿಸಿ, ಕಿಟಕಿಯಿಂದ ಪೈಪು ತೂರಿಸುತ್ತಿದ್ದರಂತೆ. 1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬೆಯ ಜಮಖಾನೆ ಶುದ್ಧಿಯಾದದ್ದು ಹಾಗೆ. ಮುಂದೆ ಅಮೆರಿಕದ ಒಹಾಯೊದಲ್ಲಿ ಜೇಮ್ಸ್ ಸ್ಪ್ಯಾಂಗ್ಲರ್ ಎಂಬ ಉಬ್ಬಸದ ಕಸಗುಡಿಸುವವ ಫ್ಯಾನಿನ ಮೋಟರು, ಪೊರಕೆಯ ಕೋಲು, ದಿಂಬಿನ ಗೌಸು ಸೇರಿಸಿ ಕೈಯಲ್ಲಿ ತಳ್ಳುವಂಥದ್ದು ಮಾಡಿದ. 1908ರಲ್ಲಿ ಪೇಟೆಂಟು ಸಿಕ್ಕಿತು. ಚರ್ಮದ ಸರಕಿನ ವ್ಯಾಪಾರಿ ಹೂವರ್ ಅದನ್ನು ಕೊಂಡುಕೊಂಡು ಹೆಸರು ಮಾಡಿದ.

"ದಿಂಬಿನ ಗೌಸು ಯಾರದ್ದು? ಹೆಂಡ್ತೀದೇ ಇರಬೇಕು. ಅವಳ ಹೆಸರು ಎಲ್ಲೂ ಹಾಕ್ಲಿಲ್ವಾ?" ಎಂದರು ಅತ್ತೆ. ನನ್ನ ಸೀಮ್ ರಿಪ್ಪರಿನ ಕಡೆ ನೋಡಿ ನಾನು ತಲೆಯಾಡಿಸಿದೆ.

ಅತ್ತೆಗೆ ಈ ಜಾತಿಯ ಮಿಷನ್ನಿನ ಮೇಲೆ ಹಳೆಯ ಮುನಿಸೂ ಇದೆ. ತೊಂಬತ್ತರ ದಶಕದಲ್ಲಿ ಟೈ ಕಟ್ಟಿಕೊಂಡ ಹುಡುಗನೊಬ್ಬ ಕುವೆಂಪುನಗರದ ಮನೆಗೆ ಬಂದು, ಹಾಸಿಗೆಯ ಮೇಲೆ ಮಿಷನ್ನು ಓಡಿಸಿ, ಬಿಳಿ ಬಟ್ಟೆಯ ಮೇಲೆ ದೂಳು ಸುರಿದು ತೋರಿಸಿದನಂತೆ. ಕಾಫಿ ಕೊಟ್ಟು ಕಳಿಸಿದರು. ಮಿಷನ್ನು ಕೊಳ್ಳಲಿಲ್ಲ. "ನಮ್ಮನೇಗೇ ಬಂದು ನಮ್ಮ ಹಾಸಿಗೆ ಕೊಳಕು ಅಂದ ಕಣೇ!"

ಪೊರಕೆ ಲಕ್ಷ್ಮಿ, ಕಾಲು ತಾಗಿಸಬಾರದು. ನಮ್ಮ ಮಿಷನ್ನಿನ ಸ್ವಿಚ್ಚೋ ಕಾಲಿನಿಂದಲೇ ಒತ್ತುವಂಥದ್ದು. ಅತ್ತೆ ಬಂದ ಮೊದಲ ವಾರ ಮಗನಿಗೆ ಬಗ್ಗಿ ಕೈಯಿಂದ ಒತ್ತಬೇಕೆಂದು ಆಜ್ಞೆಯಾಯಿತು. ಅವರ ಸೊಂಟ ಹಿಡಿದ ಮೇಲೆ ರಾಜಿ. ಈಗ ನನ್ನ ಮಗಳು ಕಾಲಿನ ಹೆಬ್ಬೆರಳಲ್ಲಿ ಸ್ವಿಚ್ಚೊತ್ತಿ, ಹಿಡಿಕೆ ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಕೆಲಸ ಶುರುಮಾಡುತ್ತಾಳೆ. ಅವಳ ಗೆಳತಿಯೊಬ್ಬಳು ನೋಡಿ ಸೇಫ್ಟಿಗೆ ಇರಬೇಕೆಂದುಕೊಂಡಳು.

ದೀಪ ಹಚ್ಚಿದ ಮೇಲೆ ಗುಡಿಸುವಂತಿಲ್ಲ ಎಂಬುದು ಇನ್ನೊಂದು. ಜೂನಿನಲ್ಲಿ ಇಲ್ಲಿ ಎಂಟೂವರೆಯಾದರೂ ಬೆಳಕು, ಲಕ್ಷ್ಮಿಗೂ ಓವರ್‌ಟೈಮು. ಅಕ್ಟೋಬರು ಬಂತೆಂದರೆ ನಾವು ಆಫೀಸಿನಿಂದ ಬರುವಷ್ಟರಲ್ಲಿ ಕತ್ತಲು. ಹಾಗಾಗಿ ಐದು ದಿನದ ಕಸವೆಲ್ಲ ಶನಿವಾರ ಬೆಳಗಿಗೆ. ನಮ್ಮ ಕಸ ಎಂದರೆ ಸಾಮಾನ್ಯದ್ದಲ್ಲ. ಒಗ್ಗರಣೆಯಿಂದ ಸಿಡಿದ ಸಾಸಿವೆ ಚಟಚಟನೆ ಪೈಪು ಹತ್ತುತ್ತದೆ, ಉದ್ದಿನಬೇಳೆಯದು ಇನ್ನೊಂದು ಸ್ವರ. ಒಣಗಿದ ಕರಿಬೇವು ಪೈಪಿನ ತಿರುವಿನಲ್ಲಿ ಅಡ್ಡ ಮಲಗುತ್ತದೆ, ಅದರ ಹಿಂದೆ ಹೂವಿನ ದಾರ. ಗಾಳಿ ಕಟ್ಟಿದರೆ ಮೋಟರು ಬಿಸಿಯಾಗಿ ತಾನಾಗಿ ನಿಲ್ಲುತ್ತದೆ. ಆಮೇಲೆ ನಾವು ಸುತ್ತ ಕೂತು ಅದು ತಣ್ಣಗಾಗುವುದನ್ನು ಕಾಯಬೇಕು. ಅತ್ತೆ ಆಗ ಎಲ್ಲರಿಗೂ ಮಜ್ಜಿಗೆ ಕೊಡುತ್ತಾರೆ.

ಹಿಟ್ಟು, ಬೂದಿ, ಸುಣ್ಣದಂಥ ನುಣ್ಣನೆಯ ಪುಡಿ ಎಳೆಯಬೇಡಿ, ಫಿಲ್ಟರಿನ ರಂಧ್ರ ಮುಚ್ಚುತ್ತದೆ ಎಂದು ಅದರ ಜೊತೆ ಬಂದ ಪುಸ್ತಕ ಹೇಳುತ್ತದೆ. ವರಮಹಾಲಕ್ಷ್ಮಿ ಹಬ್ಬದ ಮಾರನೆಯ ದಿನ ಕನ್ನಡಿಗರ ಮನೆಯ ನೆಲದ ಮೇಲೆ ಇರುವುದು ಅದೇ. ರಂಗೋಲಿ ಪುಡಿ ಎಂದರೆ ಕಲ್ಲಿನ ಹಿಟ್ಟು ತಾನೆ? ಜೊತೆಗೆ ಅರಿಶಿನ, ಊದುಬತ್ತಿಯ ಬೂದಿ. ನಮ್ಮವರಂತೂ ಹೆಪಾ ಫಿಲ್ಟರಿನ ಭಕ್ತರು. 0.3 ಮೈಕ್ರಾನಿನ ಕಣವನ್ನೂ ನೂರಕ್ಕೆ 99.97ರಷ್ಟು ಹಿಡಿಯುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತಾರೆ. ಆದರೆ ಇಂಗಿನ ವಾಸನೆ ಅದಕ್ಕೂ ಮೀರಿದ್ದು. ಮಿಷನ್ನು ಹಿಂದಿನಿಂದ ಬಿಡುವ ಗಾಳಿಯಲ್ಲಿ ಮೊನ್ನೆಯ ಸಾರು ಯಾವುದೆಂದು ಹೇಳಬಹುದು.

ಹೆಪಾ ಅಲ್ಲದೆ ಒಳಗೆ ಸ್ಪಂಜಿನ ಫಿಲ್ಟರೂ ಒಂದಿದೆ. ಅದನ್ನು ಆಗಾಗ ತಣ್ಣೀರಿನಲ್ಲಿ ಹಿಂಡಿ ತೊಳೆದು, ಪೂರ್ತಿ ಒಂದು ದಿನ ಗಾಳಿಯಲ್ಲಿ ಒಣಗಿಸಬೇಕು. ಸೋಪು ಕೂಡದು, ಒವನ್ನು ಕೂಡದು, ಹಸಿಯಾಗಿಯೇ ಹಾಕಿದರೆ ಮುಗ್ಗಲು ವಾಸನೆ, ಮೋಟರಿಗೂ ಕೇಡು. ಮನೆಯಲ್ಲಿ ಬಿಸಿಲು ಬೀಳುವ ಜಾಗ ಡೆಕ್ಕು ಒಂದೇ. ಜುಲೈನಲ್ಲಿ ಆ ಡೆಕ್ಕು ಅತ್ತೆಯ ಅಕ್ಕಿ ಸಂಡಿಗೆಯ ಸ್ವಾಧೀನದಲ್ಲಿತ್ತು. ಮಗ ಫಿಲ್ಟರನ್ನು ಸಂಡಿಗೆ ಹರಡಿದ್ದ ಪಂಚೆಯ ಅಂಚಿಗಿಟ್ಟರು.

"ಮನೆ ಕಸವೆಲ್ಲ ಕುಡಿದದ್ದನ್ನ ತಂದು ಸಂಡಿಗೆ ಪಕ್ಕ ಇಡ್ತೀಯೇನೋ?"

"ತೊಳೆದಿದೀನಮ್ಮಾ."

"ನೀನು ತೊಳೆದದ್ದು ಗೊತ್ತಿಲ್ವಾ ನಂಗೆ? ಚಿಕ್ಕೋನಿದ್ದಾಗಿಂದ ನೋಡಿದೀನಿ."

ಫಿಲ್ಟರಿಗೆ ಡೆಕ್ಕಿನ ಕಟಕಟೆಯ ಮೇಲೆ ಪ್ರತ್ಯೇಕ ಸ್ಥಾನ ಸಿಕ್ಕಿತು. ಕಾಯಲು ಅಪ್ಪ ಮಗಳು ಪಾಳಿಯಲ್ಲಿ ಕೂತರು. ಅಳಿಲು ಬಂದದ್ದು ನಿಜ, ಎರಡನ್ನೂ ಮೂಸಿ ಸಂಡಿಗೆಯನ್ನೇ ಆರಿಸಿಕೊಂಡಿತು. ಅತ್ತೆಗೆ ಕೋಪವೂ ಬಂತು, ಹೆಮ್ಮೆಯೂ ಆಯಿತು.

ಆಯುಧಪೂಜೆಗೆ ಕಾರು, ಲ್ಯಾಪ್‌ಟಾಪು, ಮಿಕ್ಸಿಯ ಸಾಲಿನಲ್ಲಿ ವ್ಯಾಕ್ಯೂಮೂ ನಿಂತಿತು. ಅತ್ತೆ ಅದಕ್ಕೆ ವಿಭೂತಿ ಬಳಿದು, ಕುಂಕುಮವಿಟ್ಟು, ಸೇವಂತಿಗೆ ಸಿಕ್ಕಿಸಿ, ಚಕ್ರದಡಿ ಕಾರಿನದಕ್ಕಿಂತ ಚಿಕ್ಕದೊಂದು ನಿಂಬೆಹಣ್ಣು ಇಟ್ಟರು. ಮಾರನೆಯ ದಿನ ಅದು ಮೊದಲು ಉಂಡದ್ದು ತನ್ನದೇ ಹೂವನ್ನು. ಆಮೇಲೆ "ಠಣ್" ಎಂದಿತು.

ಸಾಸಿವೆಯಲ್ಲ, ಬೇಳೆಯಲ್ಲ. ಅತ್ತೆ ಕಿವಿ ಮುಟ್ಟಿಕೊಂಡರು. ಓಲೆಯ ತಿರುಪಿಲ್ಲ.

ಊರಿಗೆ ಹೊರಡಲು ಹೆಚ್ಚು ದಿನವಿರಲಿಲ್ಲ. ಡಬ್ಬಿಯನ್ನು ಗರಾಜಿನಲ್ಲಿ ಮೊಗಚಿದೆವು. ಬೂದು ಬಣ್ಣದ ಅರಳೆಯಂಥದ್ದರ ನಡುವೆ ಪಿಸ್ತಾ ಸಿಪ್ಪೆ, ಲೆಗೊ ತುಂಡು, ಸೇಫ್ಟಿ ಪಿನ್ನು, ಜನಿವಾರದ ಎಳೆ, ಕಾರದ ಅವಲಕ್ಕಿಯ ಕಡಲೆಬೀಜ. ನಮ್ಮವರು ಮ್ಯಾಗ್ನೆಟ್ ತಂದರು. "ಚಿನ್ನ ಕಣೋ ಅದು" ಎಂದರು ಅತ್ತೆ. ಮ್ಯಾಗ್ನೆಟ್ ಒಳಗೆ ಹೋಯಿತು, ಜರಡಿ ಹೊರಗೆ ಬಂತು. ಎಂಜಿನಿಯರು ಮೂಗಿಗೆ ಮಾಸ್ಕು ಕಟ್ಟಿಕೊಂಡು ಮನೆಯ ಕಸವನ್ನು ರವೆ ಜರಡಿ ಹಿಡಿಯುತ್ತಿದ್ದಾಗ ಪಕ್ಕದ ಮನೆಯಾತ ನಾಯಿ ಹಿಡಿದುಕೊಂಡು ಹೋಗುತ್ತ ಕೈಬೀಸಿದ. ನಾವೂ ಬೀಸಿದೆವು. ತಿರುಪು ಸಿಕ್ಕಿತು. ಅರಿಶಿನದ ನೀರಿನಲ್ಲಿ ತೊಳೆದು ಕಿವಿಗೆ ಹಾಕಿಕೊಂಡ ಮೇಲೆಯೇ ಅತ್ತೆ ಜರಡಿಯ ಕಡೆ ನೋಡಿದ್ದು. ಮೈಸೂರಿನಿಂದ ತಂದದ್ದದು, ಅದರಲ್ಲಿ ಇನ್ನು ಚಕ್ಕುಲಿ ಹಿಟ್ಟು ಬೀಳುವಂತಿಲ್ಲ.

ಇಂಡಿಯನ್ ಸ್ಟೋರಿಗೆ ಹೋಗಿ ಜರಡಿ ತಂದೆವು. ಅತ್ತೆ ಜೊತೆಗೊಂದು ಹುಲ್ಲಿನ ಪೊರಕೆಯನ್ನೂ ಆರಿಸಿದರು, ಮಿಷನ್ನಿಗೆ ಹುಷಾರಿಲ್ಲದಾಗ ಬೇಕಾಗುತ್ತದೆಂದು. ಹೊಸ ಹುಲ್ಲಿನ ಪೊರಕೆ ಎಷ್ಟು ಹೊಟ್ಟು ಉದುರಿಸುತ್ತದೆ ಎಂದು ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಮನೆ ತಲುಪುವ ಮೊದಲೇ ಹಿಂದಿನ ಸೀಟೆಲ್ಲ ಹಸಿರು ನುಚ್ಚು.

ನ್ಯೂಜೆರ್ಸಿಯಲ್ಲಿ ಪೆಟ್ರೋಲನ್ನು ನಾವೇ ಹಾಕಿಕೊಳ್ಳುವುದು ಕಾನೂನಿಗೆ ವಿರುದ್ಧ. ಕಾರಿನೊಳಗೆ ಕೂತಿದ್ದರೆ ಬೇರೆಯವರು ಬಂದು ಹಾಕುತ್ತಾರೆ. ನಮ್ಮವರು ಅಂದು ಹಾಗೆ ಹಾಕಿಸಿಕೊಂಡು, ಬಂಕಿನ ಮೂಲೆಯಲ್ಲಿ ನಿಂತಿದ್ದ ನಾಣ್ಯದ ವ್ಯಾಕ್ಯೂಮಿನ ಬಳಿ ಕಾರು ನಿಲ್ಲಿಸಿ, ಕ್ವಾರ್ಟರುಗಳನ್ನು ತೂರಿಸಿ ಸೀಟು ಬಳಿದರು. ಮುಗಿದ ಮೇಲೆ ಅಭ್ಯಾಸಬಲದಿಂದ ಅದರ ಮುಚ್ಚಳಕ್ಕೆ ಕೈ ಹಾಕಿದರು. ಬೀಗವಿತ್ತು.

"ಇದನ್ನ ನಾವು ಬಿಚ್ಚೋ ಹಾಗೇ ಇಲ್ಲ!" ಎಂದು ನಗುತ್ತ ಬಂದು, ಇನ್ನೂ ನಾಲ್ಕು ಕ್ವಾರ್ಟರು ಇವೆಯೇ ಎಂದು ಕೇಳಿದರು. ಕಾರು ಆಗಲೇ ಸ್ವಚ್ಛವಾಗಿತ್ತು.