ಐದನೇ ಗ್ರೇಡಿನ ಜ್ಞಾನಮೀಮಾಂಸೆ: ಒಂದು ಬಹುಶಿಸ್ತೀಯ ಅನುಸಂಧಾನ

1. ವ್ಯಾಪ್ತಿ ಮತ್ತು ಪರಿಭಾಷೆ

ಪ್ರಸ್ತುತ ಪ್ರಬಂಧವು ಬೆಂಗಳೂರಿನ ವರ್ತೂರು ಸೀಮೆಯ ಇಂಟರ್‌ನ್ಯಾಷನಲ್ ಶಾಲೆಗಳಲ್ಲಿ ಕಂಡುಬರುವ, ಒಂಬತ್ತರಿಂದ ಹನ್ನೊಂದು ವಯಸ್ಸಿನ ಮಕ್ಕಳ ಜ್ಞಾನಾರ್ಜನಾ ವಿಧಿಗಳನ್ನು ತಾತ್ವಿಕ ನೆಲೆಯಲ್ಲಿ ಶೋಧಿಸುತ್ತದೆ. ಮುಖ್ಯ ಆಕರಗಳು: ಓರಿಯೆಂಟೇಶನ್ನಿನಲ್ಲಿ ಹಂಚಿದ ಹೊಳಪು ಕಾಗದದ ಕೈಪಿಡಿ ಮತ್ತು ಫೀಸಿನ ರಸೀದಿ. ಕ್ಷೇತ್ರಕಾರ್ಯವನ್ನು ಗೇಟಿನ ಹೊರಗೆ ಕಾಯುತ್ತ ನಡೆಸಲಾಗಿದೆ.

ಈ ಸೀಮೆಯಲ್ಲಿ ಪಾಠವಿಲ್ಲ, ‘ಯೂನಿಟ್ ಆಫ್ ಇನ್‌ಕ್ವೈರಿ’ ಇದೆ. ಮೇಷ್ಟ್ರಿಲ್ಲ, ‘ಫೆಸಿಲಿಟೇಟರ್’ ಇದ್ದಾರೆ. ಮಗು ಪ್ರಶ್ನೆ ಕೇಳಿದರೆ ಅದನ್ನು ಚೀಟಿಯಲ್ಲಿ ಬರೆಸಿ ಗೋಡೆಗೆ ಅಂಟಿಸುತ್ತಾರೆ. ಉತ್ತರದ ಬಗ್ಗೆ ಆಕರಗಳು ಮೌನವಾಗಿವೆ.

2. ಚಾರಿತ್ರಿಕ ಹಿನ್ನೆಲೆ

ಈ ಪದ್ಧತಿಯ ಮೂಲವಾದ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ 1968ರಲ್ಲಿ ಜಿನೀವಾದಲ್ಲಿ ಹುಟ್ಟಿತು. ದೇಶದಿಂದ ದೇಶಕ್ಕೆ ವರ್ಗವಾಗುವ ರಾಜತಾಂತ್ರಿಕರ ಮಕ್ಕಳಿಗೆ ಎಲ್ಲೆಡೆ ಸಲ್ಲುವ ಒಂದು ಪರೀಕ್ಷೆ ಬೇಕಿತ್ತು, ನ್ಯಾಯವಾದ ಕಾರಣವೇ. 1997ರಲ್ಲಿ ಮೂರರಿಂದ ಹನ್ನೆರಡು ವಯಸ್ಸಿನವರಿಗೆಂದು ಪ್ರೈಮರಿ ಇಯರ್ಸ್ ಪ್ರೋಗ್ರಾಮ್ ಬಂತು. ಜಿನೀವಾದಿಂದ ನೈರೋಬಿಗೆ ಹೋಗುವವರಿಗೆ ಒದಗಲೆಂದು ಹುಟ್ಟಿದ್ದು, ಮಾರತ್ತಹಳ್ಳಿಯಿಂದ ವರ್ತೂರಿಗೆ ಮನೆ ಬದಲಿಸುವವರಿಗೆ ಹೇಗೆ ಅನಿವಾರ್ಯವಾಯಿತೆಂಬುದು ಪ್ರತ್ಯೇಕ ಪಿಎಚ್‌ಡಿಗೆ ಯೋಗ್ಯ ವಿಷಯ.

3. ಗುಣ-ವರ್ಗೀಕರಣ

ಈ ಪ್ರೋಗ್ರಾಮಿನಲ್ಲಿ ಕಲಿಯುವವನಿಗೆ ಹತ್ತು ಗುಣಗಳನ್ನು ವಿಧಿಸಲಾಗಿದೆ.

ಅ) ಜಿಜ್ಞಾಸು: ಪ್ರಶ್ನೆ ಕೇಳುವವ. ಫೀಸು ಯಾಕೆ ಏರಿತೆಂಬ ಪ್ರಶ್ನೆ ಈ ವರ್ಗಕ್ಕೆ ಸೇರದು.
ಆ) ಸಾಹಸಿ: ಸಾಹಸಕ್ಕೆ ಮುನ್ನ ಪೋಷಕರ ಸಹಿಯುಳ್ಳ ಅನುಮತಿಪತ್ರ ಕಡ್ಡಾಯ.
ಇ) ಸಮತೋಲನವುಳ್ಳವ: ಅಬ್ಯಾಕಸ್, ಕೋಡಿಂಗ್, ಕೀಬೋರ್ಡ್ ಮೂರಕ್ಕೂ ಒಂದೇ ಸಂಜೆ ಹೋಗಿಬರುವವ.
ಈ) ಆತ್ಮಾವಲೋಕಿ: ಕುಂಟೆಬಿಲ್ಲೆ ಆಡಿದರೂ ಆಮೇಲೆ ‘ರಿಫ್ಲೆಕ್ಷನ್ ಶೀಟ್’ ತುಂಬುವವ.

ಉಳಿದ ಆರು ಲ್ಯಾಮಿನೇಟ್ ಆಗಿ ಕಾರಿಡಾರಿನಲ್ಲಿ ನೇತಾಡುತ್ತಿವೆ. ಬೇಕಾದವರು ಹೋಗಿ ಓದಿಕೊಳ್ಳಿ.

4. ಮೌಲ್ಯಮಾಪನ ಮೀಮಾಂಸೆ

ಇಲ್ಲಿ ಅಂಕಗಳಿಲ್ಲ. ಭಾಗಾಕಾರ ಬಾರದ ಹುಡುಗನಿಗೆ ಭಾಗಾಕಾರ ‘ಎಮರ್ಜಿಂಗ್’. ರಿಪೋರ್ಟು ಬಂದ ಸಂಜೆ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಯಾರ ಮಗು ಎಲ್ಲಿಯವರೆಗೆ ‘ಎಮರ್ಜ್’ ಆಯಿತೆಂಬ ಲೆಕ್ಕ ಶುರು. ಶಾಲೆ ಹೊರಗಟ್ಟಿದ ರ‍್ಯಾಂಕು ಅಲ್ಲಿ ಸುಖವಾಗಿದೆ. ಹೊರಗಟ್ಟಿದ ಮಗ್ಗಿ ಟ್ಯೂಷನ್ನಿನಲ್ಲಿದೆ, ಅದಕ್ಕೆ ಬೇರೆ ಫೀಸು.

5. ಎಕ್ಸಿಬಿಷನ್

ಪ್ರೈಮರಿಯ ಕೊನೆಯ ವರ್ಷ ಮಕ್ಕಳ ತಂಡ ತಾವೇ ಒಂದು ವಿಷಯ ಆರಿಸಿ, ವಾರಗಟ್ಟಲೆ ಶೋಧಿಸಿ, ಎಲ್ಲರೆದುರು ಮಂಡಿಸಬೇಕು. ನನ್ನ ಮಗಳ ತಂಡ ನೀರಿನ ಅಭಾವ ಆರಿಸಿತ್ತು. 2018ರಲ್ಲಿ ಕೇಪ್‌ಟೌನ್ ನಗರ ನಲ್ಲಿಗಳನ್ನೇ ನಿಲ್ಲಿಸುವ ‘ಡೇ ಝೀರೊ’ ಸಮೀಪಕ್ಕೆ ಬಂದಿದ್ದನ್ನು ಅವಳು ಸೊಗಸಾಗಿ ವಿವರಿಸಿದಳು. ಅದೇ ಹೊತ್ತಿಗೆ ಸಭಾಂಗಣದ ಹಿಂದೆ ನೀರಿನ ಟ್ಯಾಂಕರೊಂದು ರಿವರ್ಸ್ ಬಂದು, ಸಂಪ್‌ಗೆ ಪೈಪು ಬಿಟ್ಟಿತು. ನೀರು ಯಾವ ಊರಿನ ಬೋರ್‌ವೆಲ್ಲಿನದು, ಎಷ್ಟು ಅಡಿಗೆ ಸಿಕ್ಕಿತು, ಅಲ್ಲಿನವರ ಪಾಡೇನು ಎಂಬುದೆಲ್ಲ ಅದರ ಡ್ರೈವರಿಗೆ ಗೊತ್ತಿದ್ದೀತು. ಅವರನ್ನು ಕೇಳಿದಿರಾ ಎಂದೆ. “ಆ ಅಂಕಲ್ ರಿಸೋರ್ಸ್ ಪರ್ಸನ್ ಲಿಸ್ಟಲ್ಲಿ ಇರ್ಲಿಲ್ಲ ಅಪ್ಪ” ಅಂದಳು.

ಸಾಕು ಈ ಮೀಮಾಂಸೆ. ಲಿಸ್ಟಲ್ಲಿ ಇದ್ದಿದ್ದರೂ ಆ ತಂಡದ ಅರ್ಧ ಮಕ್ಕಳಿಗೆ ಅವರನ್ನು ಮಾತಾಡಿಸಲು ಬರುತ್ತಿರಲಿಲ್ಲ. ಎಲ್ಲ ಶಾಲೆಗಳೂ ಕನ್ನಡ ಕಲಿಸಬೇಕೆಂದು 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ಹೇಳುತ್ತದೆ. ಕಲಿಸುತ್ತಾರೆ: ಐದನೇ ಗ್ರೇಡಿನಲ್ಲೂ ಹಣ್ಣುಗಳ ಹೆಸರು, ಬಣ್ಣಗಳ ಹೆಸರು. ನೊರೆ ಉಕ್ಕಿ ರಸ್ತೆಗೆ ಹಾರಿದ ವರ್ತೂರು ಕೆರೆಯನ್ನು ದಿನಾ ಬಸ್ಸಿನ ಕಿಟಕಿಯಿಂದ ನೋಡುವ ಮಕ್ಕಳಿಗೆ ನೀರಿನ ಕಷ್ಟ ತಿಳಿಯಲು ಆಫ್ರಿಕಾದ ತುದಿಗೇ ಹೋಗಬೇಕೆ?

ಹೊಟ್ಟೆ ಉರಿಯುವುದು ಪದ್ಧತಿ ಕೆಟ್ಟದ್ದೆಂದಲ್ಲ, ಒಳ್ಳೆಯದೆಂದು. ಮಕ್ಕಳು ಪ್ರಶ್ನೆ ಕೇಳಲಿ, ನೋಡಿ ಮಾಡಿ ಕಲಿಯಲಿ ಅನ್ನುವುದಕ್ಕಿಂತ ದೊಡ್ಡ ಮಾತು ಶಿಕ್ಷಣದಲ್ಲಿ ಯಾವುದಿದೆ? ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಆಟ, ನಾಟಕಗಳಿಂದ ಮಕ್ಕಳಿಗೆ ಕಲಿಸಹೊರಟಾಗ ಅದಕ್ಕೆ ಈ ಪ್ರೋಗ್ರಾಮಿನ ‘ಟ್ರಾನ್ಸ್‌ಡಿಸಿಪ್ಲಿನರಿ’ ಎಂಬ ಹೆಸರು ಬೇಕಾಗಿರಲಿಲ್ಲ. ನಾವು ಹೆಸರನ್ನು ಕೊಂಡೆವು, ಕಾಂಪೌಂಡು ಎತ್ತರಿಸಿದೆವು. ನಾವು ಅಂದರೆ ಶಾಲೆಯಷ್ಟೇ ಅಲ್ಲ, ಆ ಕಾಂಪೌಂಡಿಗೆಂದೇ ದುಡ್ಡು ಕಟ್ಟುವ ನನ್ನಂಥವರೂ.

6. ಶಿಫಾರಸು

ಮುಂದಿನ ವರ್ಷದ ಐದನೆಯವರನ್ನಾದರೂ ಒಂದು ದಿನ ಕೆರೆ ಏರಿಗೆ ಕರೆದೊಯ್ದು, ಅಲ್ಲಿ ಸಿಕ್ಕವರೊಂದಿಗೆ ಮಾತಿಗೆ ಬಿಡಿ. ಅನುಮತಿಪತ್ರಕ್ಕೆ ಸಹಿ ಹಾಕುತ್ತೇವೆ. ಫೀಸು ಇಳಿಸುವುದೇನೂ ಬೇಡ.